ಎಣ್ಣೆ ಹೋದ ದಾರಿ

ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಬಯಲಿನಲ್ಲಿ ನನ್ನದೊಂದು ತಗಡಿನ ಷೆಡ್ಡು ಇತ್ತು. ಯುದ್ಧದ ಕಾಲದಲ್ಲಿ ಕಂಟೋನ್ಮೆಂಟಿನ ಮಿಲಿಟರಿ ವರ್ಕ್‌ಷಾಪಿನಲ್ಲಿ ಕೆಲಸ ಕಲಿತವನು ನಾನು. ಯುದ್ಧ ಮುಗಿದು ನಮ್ಮನ್ನೆಲ್ಲ ಮನೆಗೆ ಕಳಿಸಿದ ಮೇಲೆ ಮಿಲಿಟರಿಯ ಹಳೆಯ ಲಾರಿಗಳು ಹರಾಜಾದವು. ಅವುಗಳ ಮೇಲೆ ಮರದ ಗೂಡು ಕಟ್ಟಿಸಿ ಬಸ್ಸು ಎಂದು ಓಡಿಸುವ ಸಾವ್ಕಾರರು ಊರಿನಲ್ಲಿ ನಾಲ್ಕಾರು ಮಂದಿ ಹುಟ್ಟಿಕೊಂಡರು. ಆ ಲಾರಿಗಳ ಹುಟ್ಟು ಗುಣ ನನಗೆ ಗೊತ್ತಿದ್ದರಿಂದ ಕೆಲಸಕ್ಕೆ ಕೊರತೆಯಿರಲಿಲ್ಲ. ಸೊಕ್ಕಿಗೂ ಇರಲಿಲ್ಲ. ‘ಮನುಷ್ಯ ಸುಳ್ಳು ಹೇಳ್ತಾನ, ಇಂಜಿನ್ ಹೇಳಂಗಿಲ್ಲ’ ಎಂದು ಷೆಡ್ಡಿಗೆ ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದೆ.

ಅಂಥ ಬಸ್ಸುಗಳಲ್ಲಿ ಒಂದು ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗಿ ಸಂಜೆಗೆ ಮರಳುತ್ತಿತ್ತು. ಅದರ ಡ್ರೈವರ್ ರೂಪನಗುಡಿಯವನು, ಊರ ಹೊರಗಿನ ಕೇರಿಯವನು. ಯುದ್ಧದಲ್ಲಿ ಬರ್ಮಾ ಗಡಿಯ ಕೆಸರು ದಾರಿಗಳಲ್ಲಿ ಲಾರಿ ಓಡಿಸಿ ಬದುಕಿ ಬಂದಿದ್ದ. ಅವನ ಕೇರಿಯಲ್ಲಿ ಸ್ಟೇರಿಂಗ್ ಹಿಡಿದವನು ಅವನೊಬ್ಬನೇ. ನನಗಿಂತ ಹತ್ತು ವರ್ಷ ದೊಡ್ಡವನಾದ ಅವನನ್ನು ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಆಗ ಅದು ತಪ್ಪೆಂದು ನನಗೆ ಅನ್ನಿಸಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆ ಬಸ್ಸಿನ ಇಂಜಿನ್ ಎಣ್ಣೆ ಕಡಿಮೆಯಾಗತೊಡಗಿತು. ಇವತ್ತು ತುಂಬಿಸಿದರೆ ನಾಡಿದ್ದು ಅಳತೆ ಕಡ್ಡಿಯ ತುದಿಗೆ ಮಾತ್ರ ಎಣ್ಣೆ ತಾಗುತ್ತಿತ್ತು. ಇಂಜಿನ್ ಎಣ್ಣೆ ಆಗ ಕೈಗೆ ಸಿಗದ ವಸ್ತು. ಸಿರುಗುಪ್ಪದ ಕಡೆ ಹೊಳೆದಂಡೆಯ ಹೊಲಗಳಲ್ಲಿ ನೀರೆತ್ತುವ ಇಂಜಿನ್ನುಗಳನ್ನು ಹೊಸದಾಗಿ ಹೂಡಿದ್ದರು. ಕದ್ದ ಎಣ್ಣೆಗೆ ಅಲ್ಲಿ ಕೊಳ್ಳುವವರಿದ್ದಾರೆ ಎಂಬ ಮಾತು ಪೇಟೆಯಲ್ಲೆಲ್ಲ ಇತ್ತು.

ಒಂದು ಬೆಳಿಗ್ಗೆ ಬಸ್ಸಿನ ಸಾವ್ಕಾರ ಡ್ರೈವರನ್ನೂ ಕಂಡಕ್ಟರನ್ನೂ ಕರೆದುಕೊಂಡು ನನ್ನ ಷೆಡ್ಡಿಗೆ ಬಂದ. ಕಂಡಕ್ಟರ್ ಸಾವ್ಕಾರನ ತಂಗಿಯ ಮಗ, ಯುಗಾದಿಗೆ ಕೆಲಸಕ್ಕೆ ಸೇರಿದ್ದ.

“ಮೇಸ್ತ್ರಿ, ಎಣ್ಣಿ ಇಂಜಿನ್ ಕುಡಿಯಾಕ ಹತ್ತೈತೋ, ಇವ ಕುಡಿಯಾಕ ಹತ್ಯಾನೋ ನೋಡಿ ಹೇಳು,” ಎಂದ ಸಾವ್ಕಾರ. “ಇಂಜಿನ್ ಅಂದ್ರ ರಿಪೇರಿ ಮಾಡಸ್ತೀನಿ. ಇಲ್ಲಂದ್ರ ಇವತ್ತ ಇವನ್ನ ಇಳಿಸ್ತೀನಿ.”

ಡ್ರೈವರ್ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಅನ್ನ ನನ್ನ ಕೈಯಲ್ಲಿತ್ತು. ನನಗೂ ಅದು ಗೊತ್ತಿತ್ತು, ಅದರಿಂದ ಒಳಗೊಳಗೇ ಉಬ್ಬಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಸೋರಿಕೆ ಹಿಡಿಯಲು ನಾನೊಂದು ಉಪಾಯ ಮಾಡಿಕೊಂಡಿದ್ದೆ. ನಮ್ಮೂರಿನಲ್ಲಿ ಹತ್ತಿಗೆ ಬರವೇ? ಹತ್ತಿ ಬಿಡಿಸುವ ಜಿನ್ನಿನಿಂದ ತಂದ ಅರಳೆಯನ್ನು ಇಂಜಿನ್ನಿನ ಕೆಳಗೆ ಹಾಸಿಗೆಯ ಹಾಗೆ ಹರವಿ, ನಿಂತಲ್ಲೇ ಒಂದು ತಾಸು ಇಂಜಿನ್ ಓಡಿಸುತ್ತಿದ್ದೆ. ಸಾಸಿವೆಯಷ್ಟು ಹನಿ ಬಿದ್ದರೂ ಬಿಳಿ ಅರಳೆಯ ಮೇಲೆ ಕಾಣುತ್ತಿತ್ತು. ಅವತ್ತು ಒಂದು ಹನಿಯೂ ಬೀಳಲಿಲ್ಲ. ಸೈಲೆನ್ಸರಿನ ಬಾಯಿಗೆ ಹಿಡಿದ ಬಟ್ಟೆಗೂ ಎಣ್ಣೆಯ ಜಿಡ್ಡು ಹತ್ತಲಿಲ್ಲ. ರೇಡಿಯೇಟರಿನ ಮುಚ್ಚಳ ತೆಗೆದೆ. ನೀರಿನ ಮೇಲೆ ಎಣ್ಣೆಯ ತೆಳುವಾದ ಪೊರೆಯಿತ್ತು. ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರಿಸುವ ಗ್ಯಾಸ್ಕೆಟ್ ಸುಟ್ಟರೆ ಹೀಗಾಗುತ್ತದೆಂದು ವರ್ಕ್‌ಷಾಪಿನಲ್ಲಿ ಮೊದಲ ವರ್ಷವೇ ಕಲಿಸಿದ್ದರು. ಆದರೆ ಈ ಬಸ್ಸಿನವರು ನೀರು ಒಯ್ಯುತ್ತಿದ್ದುದು ಹಳೆಯ ಎಣ್ಣೆಯ ಡಬ್ಬಿಗಳಲ್ಲಿ. ಇದು ಡಬ್ಬಿಯ ಜಿಡ್ಡು ಎಂದುಕೊಂಡು ಮುಚ್ಚಳ ಹಾಕಿದೆ. ಪ್ಲಗ್ಗುಗಳನ್ನು ಬಿಚ್ಚಿ ಎಣ್ಣೆ ಹತ್ತಿದೆಯೇ ಎಂದು ನೋಡಿದ್ದರೆ ಅರ್ಧ ತಾಸಿನ ಕೆಲಸ. ಬಿಚ್ಚಲಿಲ್ಲ.

“ದಾರಿಯಾಗ ನೀರು ಸರಿಯಾಗಿ ಹಾಕ್ತೀಯೇನು?” ಎಂದು ಡ್ರೈವರನ್ನು ಕೇಳಿದೆ.

“ಹಾಕ್ತೀನ್ರಿ.”

“ಕುರುಗೋಡಿನಾಗ?”

ಅವನು ಒಮ್ಮೆ ಸಾವ್ಕಾರನ ಕಡೆ, ಒಮ್ಮೆ ಕಂಡಕ್ಟರನ ಕಡೆ ನೋಡಿದ. ಸ್ವಲ್ಪ ತಡೆದು, “ಕುರುಗೋಡಿನಾಗೂ ಹಾಕ್ತೀನ್ರಿ,” ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ತಡೆದ ಮಾತನ್ನು ನಾನು ಹಾಗೇ ತಿಳಿದೆ. “ಇಂಜಿನ್ನಿನಾಗ ಏನೂ ದೋಷ ಇಲ್ರಿ ಸಾವ್ಕಾರ್ರ, ಎಲ್ಲೂ ಸೋರಿಲ್ಲ,” ಎಂದೆ. ಸಾವ್ಕಾರ ಮುಂದೆ ಒಂದು ಮಾತೂ ಕೇಳದೆ ಅಲ್ಲೇ ಡ್ರೈವರಿನ ಕೈಯಿಂದ ಬೀಗದ ಕೈ ಇಸಿದುಕೊಂಡ. “ಮೇಸ್ತ್ರಿ, ನಾ ಒಂದು ಹನಿ ಎಣ್ಣಿ ಮಾರಿಲ್ರಿ,” ಎಂದ ಡ್ರೈವರ್. ನಾನು ಕೈ ಒರೆಸಿಕೊಳ್ಳುತ್ತಾ ಬೇರೆ ಕಡೆ ತಿರುಗಿದೆ.

ಎರಡು ವಾರವಾಗಿರಬೇಕು, ಸಾವ್ಕಾರ ಮತ್ತೆ ಬಂದ. ಡ್ರೈವರ್ ಬದಲಾದರೂ ಎಣ್ಣೆ ಹೋಗುವುದು ನಿಂತಿರಲಿಲ್ಲ. ಹೊಸ ಡ್ರೈವರ್ ಸಾವ್ಕಾರನ ಜಾತಿಯವನೇ ಆದ್ದರಿಂದ ಈ ಸಲ ಕಳ್ಳತನದ ಮಾತು ಬರಲಿಲ್ಲ, ನನ್ನ ಮೇಲೆ ರೇಗಾಡಿದ. ನಾನು ಬಸ್ಸಿನಲ್ಲೇ ಹೊರಟೆ. ಅದಕ್ಕೆ ಮುಂಚೆ ಒಮ್ಮೆಯೂ ಆ ದಾರಿಯಲ್ಲಿ ಆ ಬಸ್ಸಿನಲ್ಲಿ ಕೂತವನಲ್ಲ ನಾನು. ಜನ ತುಂಬಿದ ಬಸ್ಸು ಏರು ಹತ್ತುವಾಗ ಹಿಂದೆ ಧೂಳಿನ ಜೊತೆ ನೀಲಿ ಹೊಗೆ ಎದ್ದಿತು. ನಿಂತಲ್ಲಿ ಕುಡಿಯದ ಎಣ್ಣೆಯನ್ನು ಇಂಜಿನ್ ಭಾರ ಎಳೆಯುವಾಗ ಕುಡಿಯುತ್ತಿತ್ತು. ಬಳ್ಳಾರಿಯಿಂದ ಒಯ್ದ ಎರಡು ಡಬ್ಬಿ ನೀರೂ ಕುರುಗೋಡಿಗೆ ಬರುವಷ್ಟರಲ್ಲಿ ಮುಗಿದಿತ್ತು.

ಕುರುಗೋಡಿನಲ್ಲಿ ಹೊಸ ಡ್ರೈವರ್ ಇಳಿದು ಬಾವಿಗೆ ಹೋಗಿ ತಾನೇ ನೀರು ಸೇದಿ ತಂದು ರೇಡಿಯೇಟರಿಗೆ ಹೊಯ್ದ. ಬಾವಿಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಅದನ್ನು ನೋಡಿ ನನಗೆ ಹೇಳಿದ:

“ಇವಂದು ಚಿಂತಿಲ್ಲ ಬಿಡ್ರಿ, ತಾನ ಸೇದಿ ಹಾಕ್ತಾನ. ಮೊದಲಿನವ ಆ ಬೇವಿನ ಗಿಡದ ಕೆಳಗ ಡಬ್ಬಿ ಹಿಡಕೊಂಡು ನಿಂತಿರತಿದ್ದ. ಯಾರರ ಎತ್ತಿ ಹೊಯ್ದ್ರ ಆತು, ಇಲ್ಲಂದ್ರ ಖಾಲಿ ಡಬ್ಬಿ ತಗೊಂಡು ಹಂಗ ಹೋಗತಿದ್ದ.”

ಮುದುಕ ಇದನ್ನು ಮಳೆ ಬೆಳೆಯ ಮಾತಿನಷ್ಟು ಸಲೀಸಾಗಿ ಹೇಳಿದ. ನಾನು ನೆಟ್ಟಗೆ ಬಸ್ಸಿನ ಕಡೆ ನಡೆದೆ. ಕಂಡಕ್ಟರನನ್ನು ಕೇಳಿದೆ. ಯುಗಾದಿಗೆ ಮುಂಚೆ ಇದ್ದ ಕಂಡಕ್ಟರ್ ದಿನಾ ಬಾವಿಯಿಂದ ಸೇದಿ ಕೊಡುತ್ತಿದ್ದನಂತೆ. “ನಾ ಟಿಕೀಟು ಹರಿಯಾಕ ಬಂದೀನಿ, ಅವಗ ನೀರು ಹೊರಾಕ ಬಂದಿಲ್ಲ,” ಎಂದ ಇವನು. ಯುಗಾದಿಯಿಂದಾಚೆ, ಆ ಉರಿಬಿಸಿಲಿನಲ್ಲಿ, ಕುರುಗೋಡಿನಿಂದ ಸಿರುಗುಪ್ಪದವರೆಗೆ ಬಸ್ಸು ಎಷ್ಟೋ ದಿನ ಅರ್ಧ ಒಣಗಿದ ರೇಡಿಯೇಟರಿನಲ್ಲಿ ಓಡಿತ್ತು.

ಬಳ್ಳಾರಿಗೆ ಬಂದು ಹೆಡ್ ಬಿಚ್ಚಿದೆ. ಗ್ಯಾಸ್ಕೆಟ್ ಸುಟ್ಟಿತ್ತು. ಎಣ್ಣೆ ಮೇಲೇರದಂತೆ ತಡೆಯುವ ಪಿಸ್ಟನ್ನಿನ ರಿಂಗುಗಳು ನೀರಿಲ್ಲದ ಕಾವಿಗೆ ಮಸಿ ಹಿಡಿದು ಕಚ್ಚಿಕೊಂಡಿದ್ದವು. ಸಾವ್ಕಾರನನ್ನು ಕರೆಸಿ ಎಲ್ಲವನ್ನೂ ತೋರಿಸಿದೆ.

“ಹೌದಾ? ಆದದ್ದು ಆತು, ರಿಪೇರಿ ಮಾಡು,” ಎಂದ.

“ಮೊದಲಿನ ಡ್ರೈವರನ್ನ ವಾಪಸ್ ಕರೀರಿ,” ಎಂದೆ.

“ಅವಗ ನೀರು ಸೇದಿ ಕೊಡಾಕ ಇನ್ನೊಬ್ಬನ್ನ ಇಡ್ಲೇನು?”

ನಾನು ಸುಟ್ಟ ಗ್ಯಾಸ್ಕೆಟ್ಟನ್ನು ಮೂಲೆಗೆ ಎಸೆದು ರಿಪೇರಿಗೆ ಕೈ ಹಾಕಿದೆ. ಉತ್ತರ ಕೊಡಬಹುದಿತ್ತು.

ರೂಪನಗುಡಿಗೆ ಹೋದಾಗ ಹಳೆಯ ಡ್ರೈವರ್ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯುತ್ತಿದ್ದ. ನಾನು ಕಂಡದ್ದನ್ನೆಲ್ಲ ಹೇಳುವವರೆಗೂ ಸುತ್ತಿಗೆ ಕೆಳಗಿಡಲಿಲ್ಲ. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ, ನೀರು ಸಿಗದವನ್ನ ನಾ ಯಾಕ ಇಟಗೊಳ್ಳಲಿ ಅಂತಿದ್ದ ಸಾವ್ಕಾರ,” ಎಂದ. “ಬಾಯಿ ಬಿಡದಿದ್ರೂ ಇಂಜಿನ್ ನೋಡಿ ನೀವು ಕಂಡು ಹಿಡೀತೀರಿ ಅಂದುಕೊಂಡಿದ್ದೆ. ಮಿಲಿಟರಿ ಮೇಸ್ತ್ರಿ ಅಲ್ರೀ ನೀವು.”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಸಾವ್ಕಾರನ ಹತ್ತಿರ ಇನ್ನೊಮ್ಮೆ ಕೇಳಿ ನೋಡಲೇ ಎಂದೆ.

“ಆ ಕೆಲಸ ಬ್ಯಾಡ್ರಿ. ಮಗಳಿಗೆ ಒಂದು ಸಂಬಂಧ ನೋಡಿದ್ವಿ. ಎಣ್ಣಿ ಕದ್ದ ಅಂತ ಕೇಳಿ ಅವರು ಹಿಂದ ಸರಿಯಾಕ ಹತ್ಯಾರ. ನೀವು ನಮ್ಮ ಕೇರಿಗೆ ಬಂದು ಕಟ್ಟಿ ಮ್ಯಾಲೆ ನಾಕು ಮಂದಿ ಮುಂದ ಒಂದು ಮಾತು ಹೇಳ್ರಿ, ಇವ ಕಳ್ಳ ಅಲ್ಲ ಅಂತ. ಅಷ್ಟ ಸಾಕು.”

ಅಮಾವಾಸ್ಯೆಯ ದಿನ ನಾವು ಷೆಡ್ಡಿನವರು ಗಾಡಿ ಮುಟ್ಟುವುದಿಲ್ಲ, ಹತ್ಯಾರಗಳಿಗೆ ಪೂಜೆ ಮಾಡಿ ಬಾಗಿಲು ಹಾಕುತ್ತೇವೆ. “ಬರೋ ಅಮಾಸಿಗೆ ಬರ್ತೀನಿ,” ಎಂದೆ. ಎಲ್ಲರಿಗೂ ಹೇಳಿ ಕೂಡಿಸಿರುತ್ತೇನೆ ಎಂದು ಅವನು ಕೈ ಮುಗಿದ.

ಅಮಾವಾಸ್ಯೆಯ ಹಿಂದಿನ ದಿನ ಸಾವ್ಕಾರ ಇನ್ನೆರಡು ಬಸ್ಸುಗಳ ಕೆಲಸ ನನಗೇ ಒಪ್ಪಿಸಿದ. ಕೇರಿಯಲ್ಲಿ ನಾನಾಡುವ ಮಾತು ಅವನ ಕಿವಿಗೆ ಮುಟ್ಟದೆ ಇರುತ್ತದೆಯೇ? ಆ ಕೇರಿಯ ಕಟ್ಟೆಯ ಮೇಲೆ ಕೂತೆನೆಂದು ನಮ್ಮವರಿಗೆ ಗೊತ್ತಾದರೆ? ಬೆಳಿಗ್ಗೆ ಪೂಜೆ ಮುಗಿಸಿ ಚಪ್ಪಲಿ ಮೆಟ್ಟಿದವನು ಬಾಗಿಲಲ್ಲೇ ನಿಂತೆ. ಮುಂದಿನ ಅಮಾವಾಸ್ಯೆಗೆ ಹೋದರಾಯಿತು ಎಂದುಕೊಂಡು ಒಳಗೆ ಬಂದೆ.

ಅವತ್ತು ಕೇರಿಯ ಹಿರಿಯರು ಕೂಲಿ ಬಿಟ್ಟು ಮಧ್ಯಾಹ್ನದವರೆಗೂ ಕಟ್ಟೆಯ ಮೇಲೆ ಕೂತಿದ್ದರೆಂದು ಆಮೇಲೆ ಆ ಊರಿನ ಗಾಡಿಯವನೊಬ್ಬ ಹೇಳಿದ. ಗಂಡಿನ ಕಡೆಯವರೂ ಬಂದಿದ್ದರಂತೆ. ಮೇಸ್ತ್ರಿ ಬರಲಿಲ್ಲವೆಂದ ಮೇಲೆ ಕಳ್ಳತನದ ಮಾತು ನಿಜವೇ ಇರಬೇಕೆಂದು ತಿಳಿದು, ಅವರು ಸಂಬಂಧ ಬೇಡವೆಂದು ಎದ್ದು ಹೋದರಂತೆ.