ಹುಳದ ಡಾಕ್ಟರಮ್ಮ

ಮೊನ್ನೆ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದಾಗ ಪಕ್ಕದ ಮನೆಯಿಂದ ನೆನೆಸಿದ ಹತ್ತಿಕಾಳಿನ ವಾಸನೆ ಬಂತು. ಅವರು ಹೊಸದಾಗಿ ಎಮ್ಮೆ ತಂದಿದ್ದಾರೆ. ಎಣ್ಣೆಯ ಜಿಡ್ಡು ಬೆರೆತ, ತುಸು ಹುಳಿಯೊಡೆದ ಆ ವಾಸನೆ ಒಗ್ಗಿದ ಮೂಗಿಗಷ್ಟೇ ಹಿತ. ನಾನು ಆಂಧ್ರದ ಗಡಿಯ ಆದವಾನಿಗೆ ಸೊಸೆಯಾಗಿ ಬಂದ ಕಾಲಕ್ಕೆ ನಮ್ಮ ಓಣಿಗೆ ಓಣಿಯೇ ಹಾಗೆ ನಾರುತ್ತಿತ್ತು. ಕಟ್ಟೆಯ ಮೇಲೆ ಸುಮ್ಮನೆ ಕೂತೆ. ನಮ್ಮ ಮಹಡಿಯ ಮೇಲೆ ಎರಡು ವರ್ಷ ಬಾಡಿಗೆಗಿದ್ದ ಡಾಕ್ಟರಮ್ಮ ಕಣ್ಣ ಮುಂದೆ ಬಂದರು...

ನನ್ನ ತವರು ಅಲ್ಲೇ ಹತ್ತಿರದ ಆಲೂರು. ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಮದುವೆಯಾಯಿತು. ಮಾವನವರದು ಹತ್ತಿ ವ್ಯಾಪಾರ, ಜೊತೆಗೆ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನು. ಮಹಡಿಯ ಕೋಣೆ ಖಾಲಿ ಬಿದ್ದಿತ್ತು. ಕರಾವಳಿ ಆಂಧ್ರದ ಕಡೆಯಿಂದ ಒಬ್ಬ ಹೆಣ್ಣುಮಗಳು ಸರ್ಕಾರಿ ಕೆಲಸಕ್ಕೆ ಬಂದಿದ್ದಾರೆ, ಒಂಟಿ ಹೆಂಗಸೆಂದು ಯಾರೂ ಮನೆ ಕೊಡುತ್ತಿಲ್ಲ ಎಂದು ತಿಳಿದಾಗ ಮಾವನವರು ಒಪ್ಪಿದ್ದಕ್ಕೆ ಒಂದೇ ಕಾರಣ: ಅವರ ಹೆಸರಿನ ಹಿಂದೆ ‘ಡಾಕ್ಟರ್’ ಎಂದಿತ್ತು. ಮನೆಯಲ್ಲೇ ಡಾಕ್ಟರಿದ್ದರೆ ಒಳ್ಳೆಯದೇ ಆಯಿತಲ್ಲ ಎಂದುಕೊಂಡರು.

ಬಂದ ಮರುದಿನವೇ ಅತ್ತೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಹಿಂದೆ ನಾನು. ಅವರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ತೆಲುಗು ಬೆರೆಸಿದ ಕನ್ನಡದಲ್ಲಿ ಹೇಳಿದರು: “ಅಮ್ಮಾ, ನಾನು ಮನುಷ್ಯರ ಡಾಕ್ಟರ್ ಕಾದು, ಅಲ್ಲ. ಹುಳದ ಡಾಕ್ಟರ್.”

“ಹುಳಕ್ಕೂ ಡಾಕ್ಟರ್ ಇರ್ತಾರೇನ್ರೀ?” ಎಂದು ಅತ್ತೆ ಬಾಯಿ ತೆರೆದು ಕೂತರು. ಸಂಜೆಯೊಳಗೆ ಓಣಿಯಲ್ಲೆಲ್ಲ ಅವರು ‘ಹುಳದ ಡಾಕ್ಟರಮ್ಮ’ ಆದರು. ನಾನು ಮಾತ್ರ ಅಕ್ಕ ಎನ್ನುತ್ತಿದ್ದೆ.

ಊರ ಹೊರಗೆ ಸರ್ಕಾರದವರು ಹತ್ತಿಯ ಮೇಲೆ ಪ್ರಯೋಗ ಮಾಡುವ ಹೊಲವಿತ್ತು. ಅಲ್ಲಿ ಅಧಿಕಾರಿಯಾಗಿ ಬಂದ ಮೊದಲ ಹೆಂಗಸು ಅಕ್ಕ. ಮೊದಲ ಕೆಲವು ತಿಂಗಳು ಅವರಿಗೆ ಹೊಲಕ್ಕಿಳಿಯಲು ಬಿಡದೆ ಕಾಗದ ಜೋಡಿಸುವ ಕೆಲಸ ಕೊಟ್ಟಿದ್ದರಂತೆ. ಅಕ್ಕ ಜಗಳವಾಡಲಿಲ್ಲ. ಮಧ್ಯಾಹ್ನದೊಳಗೆ ಕಾಗದ ಮುಗಿಸಿ, ಬಸ್ಸು ಹತ್ತಿ ಆಲೂರಿನ ಕಡೆಗೋ ಸಿ. ಬೆಳಗಲ್ಲಿನ ಕಡೆಗೋ ಹೋಗಿ ರೈತರ ಹೊಲದಲ್ಲಿ ಹತ್ತಿಕಾಯಿ ಬಿಡಿಸುತ್ತ ಕೂರುತ್ತಿದ್ದರು. ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ನೂಲಿನ ಸೀರೆ, ಮಣ್ಣು ಮೆತ್ತಿದ ಚಪ್ಪಲಿ... ಹಾಗೆಯೇ ಸಂಜೆ ಮನೆಗೆ ಬರುತ್ತಿದ್ದರು.

ಒಂದು ದಿನ ಮಾಳಿಗೆಯ ಮೇಲೆ ಸೀರೆ ಒಣಹಾಕಲು ಹೋದಾಗ ನನ್ನನ್ನು ಕರೆದರು. ಅಂಗೈಯಲ್ಲಿ ಎರಡು ಹತ್ತಿಕಾಳು ಒಂದಕ್ಕೊಂದು ಅಂಟಿಕೊಂಡಿದ್ದವು. “ಇದಿಗೋ ಚೂಡು, ಇಲ್ಲಿ ನೋಡು” ಎನ್ನುತ್ತ ಸೂಜಿಯಿಂದ ಬಿಡಿಸಿದರು. ಎರಡೂ ಕಾಳಿನ ತಿರುಳು ಖಾಲಿ. ಒಳಗೆ ಗುಲಾಬಿ ಬಣ್ಣದ ಒಂದು ಹುಳ ಮುದುಡಿ ಮಲಗಿತ್ತು.

“ಸತ್ತೈತೇನಕ್ಕಾ?”

“ಇಲ್ಲ. ನಿದ್ದೆ. ಎರಡು ಕಾಳು ಸೇರಿಸಿ ಹೊಲಿದುಕೊಂಡು, ಮನೆ ಮಾಡಿಕೊಂಡು ಮಲಗಿದೆ.”

“ಯಾವಾಗ ಏಳತೈತಿ?”

ಅಕ್ಕ ನನ್ನ ಮುಖವನ್ನೇ ನೋಡಿದರು. “ನಾನು ಈ ಊರಿಗೆ ಬಂದದ್ದೇ ಅದು ತಿಳಿಯೋಕೆ. ಬೇರೆ ದೇಶದವರು ಅವರ ಊರಿನ ಲೆಕ್ಕ ಬರೆದಾರೆ. ನಮ್ಮ ಬಿಸಿಲಲ್ಲಿ ಅದು ಎಷ್ಟು ದಿನ ಬದುಕ್ತದೆ, ಯಾವಾಗ ಏಳ್ತದೆ, ಯಾರೂ ನೋಡಿಲ್ಲ.”

ಹತ್ತಿಯ ಈ ಕಾಯಿಕೊರಕ ಹುಳ ಹೊಲದಲ್ಲಿ ಹುಟ್ಟುತ್ತದೆಂದೇ ಎಲ್ಲರೂ ತಿಳಿದಿದ್ದರು. ಅಕ್ಕನಿಗೆ ಬೇರೆ ಅನುಮಾನವಿತ್ತು. ಹತ್ತಿಯ ಜೊತೆ ಹುಳವೂ ಜಿನ್ನಿಗೆ ಬರುತ್ತದೆ, ಕಾಳಿನೊಳಗೆ ಬೇಸಿಗೆಯೆಲ್ಲ ಮಲಗಿದ್ದು, ಮಳೆ ಬಿದ್ದಾಗ ಪತಂಗವಾಗಿ ಹೊಲಕ್ಕೆ ಹಾರುತ್ತದೆ ಎಂದು. ನೋಡಬೇಕಾದರೆ ಜಿನ್ನಿನ ಕಾಳು ಬೇಕು. ಆದರೆ ಕೇಳಿದ ಜಿನ್ನಿನವರೆಲ್ಲ ಇಲ್ಲವೆಂದೇ ಹೇಳಿದರು. ನಮ್ಮ ಮಾವನವರಂತೂ ಮನೆಯ ಅಂಗಳದಲ್ಲೇ ನಿಂತು, “ನಮ್ಮ ಜಿನ್ನಿನ್ಯಾಗ ಹುಳ ಅದಾವು ಅಂತ ನೀವು ಸರ್ಕಾರಕ್ಕ ಬರದ್ರ ನಾಳೆ ರೈತರು ನಮ್ಮ ಬಾಗಿಲಿಗೆ ಬರ್ತಾರ್ರೀ. ಮನಿ ಕೊಟ್ಟೀನಿ, ಇರ್ರಿ. ಜಿನ್ನಿನ ಉಸಾಬರಿ ಬ್ಯಾಡ” ಎಂದರು. ಅಕ್ಕ ತಲೆಯಾಡಿಸಿ ಮೇಲೆ ಹೋದರು. ಅವತ್ತು ಊಟಕ್ಕೂ ಕೆಳಗೆ ಬರಲಿಲ್ಲ.

ನನಗೆ ಆ ಮಲಗಿದ ಹುಳದ್ದೇ ಚಿಂತೆ. ಯಾವಾಗ ಏಳುತ್ತದೆ? ಎದ್ದರೆ ಹೇಗಿರುತ್ತದೆ? ಹೀಗೆ ಯೋಚಿಸುತ್ತ ಮರುದಿನ ನಮ್ಮ ಎಮ್ಮೆಗೆ ಕಾಳು ತೆಗೆಯುವಾಗ ಹೊಳೆಯಿತು. ಹಿತ್ತಲಲ್ಲಿದ್ದ ಆ ಚೀಲ ಬಂದದ್ದೇ ನಮ್ಮ ಜಿನ್ನಿನಿಂದ! ಎರಡು ಬುಟ್ಟಿ ತುಂಬಿ, ಮೇಲೆ ಒದ್ದೆ ಸೀರೆ ಹರವಿ, ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಗೆ ಹೊತ್ತೆ. ಅಕ್ಕ ನನ್ನನ್ನೂ ಬುಟ್ಟಿಯನ್ನೂ ನೋಡಿದರು. “ನಿಮ್ಮ ಮಾವನವರಿಗೆ ಗೊತ್ತಾ?” ಎಂದರು. ಗೊತ್ತಿಲ್ಲವೆಂದು ತಲೆಯಾಡಿಸಿದೆ. “ತಿಳಿದ ದಿನ ನಾನೇ ಹೇಳ್ತೀನಿ, ನೀನು ಮಾತಾಡಬೇಡ” ಎಂದು ಬುಟ್ಟಿ ಇಳಿಸಿಕೊಂಡರು.

ಬಡಗಿಯಿಂದ ಎರಡು ಮರದ ಪೆಟ್ಟಿಗೆ ಮಾಡಿಸಿ ಒಳಗೆಲ್ಲ ಕಪ್ಪು ಬಳಿದರು. ಪೆಟ್ಟಿಗೆಯ ಮುಂಭಾಗದಲ್ಲಿ ತೂತು ಕೊರೆದು, ಒಂದೊಂದಕ್ಕೂ ಒಂದು ಗಾಜಿನ ಕೊಳವೆ ಸಿಕ್ಕಿಸಿದರು. ಒಳಗೆ ಕತ್ತಲು, ಕೊಳವೆಯಲ್ಲಿ ಮಾತ್ರ ಬೆಳಕು. ಪತಂಗ ಎದ್ದರೆ ಬೆಳಕಿಗೆ ಬರಲೇಬೇಕು. ಒಂದು ಬುಟ್ಟಿಯ ಕಾಳನ್ನು ಇದ್ದಂತೆಯೇ ಒಂದು ಪೆಟ್ಟಿಗೆಗೆ ಹಾಕಿದರು. ಇನ್ನೊಂದು ಬುಟ್ಟಿಯ ಕಾಳನ್ನು ಮಾಳಿಗೆಯ ಮೇಲೆ ತೆಳ್ಳಗೆ ಹರಡಿ, ನಮ್ಮ ಯುಗಾದಿ ಕಳೆದ ಮೇಲಿನ ಬಿಸಿಲಿಗೆ ದಿನಾ ಒಣಗಿಸಿ, ಆಮೇಲೆ ಎರಡನೆಯ ಪೆಟ್ಟಿಗೆಗೆ ಹಾಕಿದರು. ಹಗಲೆಲ್ಲ ಜಿನ್ನಿನಲ್ಲಿರುವ ಮಾವನವರು ಮಾಳಿಗೆ ಹತ್ತುತ್ತಿರಲಿಲ್ಲ.

ಅವರು ಊರೂರು ತಿರುಗುವ ದಿನಗಳಲ್ಲಿ ಕೊಳವೆ ನೋಡಿ ಬರೆದಿಡುವುದು ನನ್ನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಮಹಡಿಗೆ ಹೋಗಿ ನೋಡುವುದು, ‘ಏನೂ ಇಲ್ಲ’ ಎಂದು ಬರೆಯುವುದು. ವಾರಗಟ್ಟಲೆ ಹಾಗೇ ನಡೆಯಿತು. ಒಮ್ಮೆ ಬೇಸರವಾಗಿ, “ದಿನಾ ಇದನ್ನ ಯಾಕ ಬರೀಬೇಕಕ್ಕಾ?” ಎಂದೆ. “ಇಲ್ಲ ಅನ್ನೋದೂ ಒಂದು ಸುದ್ದಿ. ನೋಡಿ ಇಲ್ಲ ಅನ್ನೋದು ಬೇರೆ, ನೋಡದೆ ಇಲ್ಲ ಅನ್ನೋದು ಬೇರೆ” ಎಂದರು. ಆ ಮಾತು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು.

ಮೊದಲ ಮಳೆ ಬಿದ್ದು ಕೆಲವು ದಿನವಾಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಮೊದಲ ಪೆಟ್ಟಿಗೆಯ ಒಂದು ಕೊಳವೆಯಲ್ಲಿ ಬೂದು ಬಣ್ಣದ ಪುಟ್ಟ ಪತಂಗ! ಅಕ್ಕಿಕಾಳಿಗಿಂತ ತುಸು ದೊಡ್ಡದು, ರೆಕ್ಕೆಯ ಅಂಚಿಗೆ ಜಾಲರಿ. ಅಕ್ಕ ಹಲ್ಲುಜ್ಜುತ್ತಿದ್ದರು. “ಎದ್ದೈತಿ! ಅಕ್ಕಾ, ಎದ್ದೈತಿ!” ಎಂದು ನಾನು ಕೂಗಿದ ಕೂಗಿಗೆ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಓಡಿ ಬಂದರು. ಅವರ ಹಿಂದೆಯೇ ಮಾವನವರು.

ಎಲ್ಲವೂ ಬಯಲಾಯಿತು. “ಇವು ಎಲ್ಲೀ ಕಾಳು?” ಎಂದರು ಮಾವನವರು. ಅಕ್ಕ ಬಾಯಿ ತೊಳೆದುಕೊಂಡು, “ನಾನೇ...” ಎನ್ನುವಷ್ಟರಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು: “ನಾನ ಕೊಟ್ಟೀನ್ರೀ ಮಾವಾರ. ಎಮ್ಮಿ ಚೀಲದಾಗಿಂದು. ನಮ್ಮ ಜಿನ್ನಿಂದ.”

ಅವರ ಎದುರು ನಿಂತು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅಕ್ಕ ನೇರವಾಗಿ, “ಆಕೆ ಮೇಲೆ ಕೋಪ ಬೇಡಿ. ನಾನು ತಗೊಂಡೆ, ನನ್ನದೇ ತಪ್ಪು. ಮನೆ ಬಿಡು ಅಂದರೆ ಬಿಡ್ತೀನಿ. ಆದರೆ ಇದು ಮುಗಿಯೋ ತನಕ ಪೆಟ್ಟಿಗೆ ಇಲ್ಲೇ ಇರಲಿ” ಎಂದರು.

ಮಾವನವರು ಕೆಳಗಿಳಿದರು. ಮನೆಯಲ್ಲಿ ಒಂದು ವಾರ ನನ್ನೊಡನೆ ಮಾತಿಲ್ಲ. ಆದರೆ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮಹಡಿ ಹತ್ತಿ, ಕೊಳವೆಗಳನ್ನು ನೋಡಿ ಇಳಿಯುತ್ತಿದ್ದರು. ಮೊದಲ ಪೆಟ್ಟಿಗೆಯ ಕೊಳವೆಗಳು ಒಂದೊಂದಾಗಿ ತುಂಬಿದವು. ಎರಡನೆಯದರಲ್ಲಿ ಒಂದೂ ಇಲ್ಲ. ಎಂಟನೆಯ ದಿನವೋ ಏನೋ, ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತು, “ಈ ಪೆಟಿಗ್ಯಾಗ ಯಾಕಿಲ್ಲ?” ಎಂದು ಕೇಳಿದರು.

“ಆ ಕಾಳಿಗೆ ಬಿಸಿಲು ತೋರಿಸಿದ್ದೆ.”

“ಬರೇ ಬಿಸಿಲಾ? ಔಷಧ ಏನೂ ಹೊಡದಿಲ್ಲಾ?”

“ಬರೇ ಬಿಸಿಲು.”

ಮಾವನವರು ಎರಡನೆಯ ಪೆಟ್ಟಿಗೆಯ ಕೊಳವೆಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ, “ಎಷ್ಟು ದಿನ ಹಾಕಬೇಕ್ರೀ?” ಎಂದರು.

ಮುಂದಿನ ಬೇಸಿಗೆಯಲ್ಲಿ ನಮ್ಮ ಜಿನ್ನಿನ ಅಂಗಳದ ತುಂಬ ಕಾಳು ಹರಡಿತು. ಉಳಿದ ಜಿನ್ನಿನವರು ನಕ್ಕರು. “ಬಾಡಿಗಿ ಇದ್ದಾಕಿ ಮಾತು ಕೇಳಿ ಸಾಹುಕಾರ ಕಾಳಿನ ಸಂಡಿಗಿ ಮಾಡ್ಯಾನ” ಎಂದರು. ಮಾವನವರು ಕಾಳು ಮಗುಚುವವರ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದರು. ಅದರ ಮರುವರ್ಷ ನಕ್ಕವರಲ್ಲೇ ಇಬ್ಬರು ಅಕ್ಕನನ್ನು ಕೇಳಲು ಬಂದರು. ಆಗ ಅಕ್ಕ ಇರಲಿಲ್ಲ, ವರ್ಗವಾಗಿತ್ತು.

ಹೋಗುವ ಮೊದಲು ಒಂದು ಸಂಗತಿ ನಡೆದಿತ್ತು. ಆ ಕೆಲಸದ ವರದಿ ಅಚ್ಚಾಗಿ ಬಂದಾಗ ಅದರ ಮೇಲೆ ಇದ್ದದ್ದು ಮೇಲಧಿಕಾರಿಯ ಹೆಸರು ಮಾತ್ರ. ಅಕ್ಕ ಅದನ್ನು ನನಗೆ ತೋರಿಸಿ ನಕ್ಕರು. “ಹುಳಕ್ಕೆ ಯಾರ ಹೆಸರಾದರೇನು, ಬಿಸಿಲಿಗೆ ಸಾಯೋದು ಸಾಯ್ತದೆ” ಎಂದರು. ಆದರೆ ಅವತ್ತು ಸಂಜೆ ನಾನು ಚಹಾ ಕೊಡಲು ಹೋದಾಗ ಬಾಗಿಲು ಒಳಗಿಂದ ಹಾಕಿತ್ತು. ಎರಡು ಸಲ ಕರೆದೆ. ಚಹಾ ಅಲ್ಲೇ ಹೊಸ್ತಿಲಲ್ಲಿಟ್ಟು ಬಂದೆ... ಇನ್ನೊಮ್ಮೆ ಕರೆಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕೆಲವು ವರ್ಷ ಪತ್ರಗಳು ಬರುತ್ತಿದ್ದವು. ಪ್ರತಿ ಪತ್ರದಲ್ಲೂ ಒಂದು ಪ್ರಶ್ನೆ ಇರುತ್ತಿತ್ತು: ಈ ಸಲ ಮೊದಲ ಮಳೆ ಯಾವಾಗ ಬಂತು? ತೊಗರಿಗೆ ಯಾವ ಹುಳ ಬಿತ್ತು? ನಾನು ಹೊಲದವರನ್ನು ಕೇಳಿ ಕೇಳಿ ಬರೆಯುತ್ತಿದ್ದೆ. ಒಂದು ಸಲ ಪತ್ರದ ಮೇಲೆ ಬೇರೆ ಅಕ್ಷರವಿತ್ತು. ಅವರ ತಮ್ಮ ಬರೆದಿದ್ದರು. ಅಕ್ಕ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು. ಮಾವನವರಿಗೆ ಓದಿ ಹೇಳಿದೆ. ಅವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಹೋದ ತಿಂಗಳು ಆಲೂರಿನಲ್ಲಿ ತಮ್ಮನ ಮನೆಗೆ ಹೋದಾಗ ಶಾಲೆಯ ಪಡಸಾಲೆಯಲ್ಲಿ ರೈತರ ಸಭೆ ನಡೆದಿತ್ತು. ಗುಲಾಬಿ ಹುಳ ಮತ್ತೆ ಎಲ್ಲ ಕಡೆ ಕಾಡುತ್ತಿದೆಯಲ್ಲ, ಅದರ ಬಗ್ಗೆ. ಕೃಷಿ ಇಲಾಖೆಯ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಕೈಚೀಟಿ ಹಂಚುತ್ತ ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳುತ್ತಿದ್ದಳು: “ಜೋಡಿ ಕಾಳಿನ್ಯಾಗ ಹುಳ ಮಲಗಿರತೈತ್ರಿ. ಮಳಿಗಾಲಕ್ಕ ಮೊದ್ಲ ಜಿನ್ನಿನ ಕಾಳು ಬಿಸಿಲಿಗೆ ಹಾಕಬೇಕು.”

ಸಭೆ ಮುಗಿದ ಮೇಲೆ ಹತ್ತಿರ ಹೋಗಿ, “ಇದನ್ನ ನಮ್ಮ ಕಡಿ ಯಾರು ನೋಡಿ ಹೇಳಿದ್ರವ್ವಾ?” ಎಂದು ಕೇಳಿದೆ.

“ಯಾರಂತ ಹೇಳ್ಲಿ ಅಮ್ಮಾ, ಮೊದ್ಲಿಂದ ಹಿಂಗ ಹೇಳ್ಕೋತ ಬಂದಾರ.”

ನಾನು ಅಕ್ಕನ ಹೆಸರು ಹೇಳಿದೆ. ಹುಡುಗಿ ಫೋನು ತೆಗೆದು ಹುಡುಕಿದಳು, ಮತ್ತೆ ಬೇರೆ ಥರ ಬರೆದು ಹುಡುಕಿದಳು. “ಏನೂ ಬರವಲ್ದಮ್ಮಾ. ಖರೇನ ಇದ್ರಾ ಅವ್ರು?”

“ಇದ್ರು,” ಎಂದೆ. “ನಮ್ಮ ಮಾಳಿಗಿ ಮ್ಯಾಲ ಇದ್ರು.”

ಅವಳು ಫೋನು ಪಕ್ಕಕ್ಕಿಟ್ಟು, ಉಳಿದಿದ್ದ ಒಂದು ಕೈಚೀಟಿಯನ್ನು ತಿರುಗಿಸಿ ಪೆನ್ನು ತೆಗೆದಳು. “ಹಂಗಾರ ಹೇಳ್ರಿ. ಬರಕೋತೀನಿ.”

ಹೇಳಲು ಎಷ್ಟೊಂದಿತ್ತು, ಯಾವುದನ್ನು ಮೊದಲು ಹೇಳಬೇಕೋ ತಿಳಿಯಲಿಲ್ಲ. ಆ ಹೆಸರನ್ನು ಒಬ್ಬರ ಎದುರು ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷಗಳಾಗಿದ್ದವು. ಅದನ್ನೇ ಇನ್ನೊಮ್ಮೆ ಹೇಳಿದೆ, ಒಂದೊಂದೇ ಅಕ್ಷರ ಬಿಡಿಸಿ.