ಕರಾಮತ್ ಆಗಾ ಬಿಟ್ಟುಹೋದ ಚಿಮಟ

ಇರಾನಿನ ಇಸ್ಫಹಾನ್ ನಗರದ ನಮ್ಮ ಲ್ಯಾಬಿನಲ್ಲಿ ಕರಾಮತ್ ಆಗಾ ಹತ್ತೊಂಬತ್ತು ವರ್ಷ ಒಂದೇ ಕೆಲಸ ಮಾಡಿದರು. ಬಿದ್ದ ಹಲ್ಲಿನ ಜಾಗದಲ್ಲಿ ದವಡೆಗೆ ಕೂರಿಸುವ ಟೈಟಾನಿಯಂ ತಿರುಪುಗಳನ್ನು ತೊಳೆದು, ಚಿಮಟದಲ್ಲಿ ಎತ್ತಿ ನನಗೆ ಕೊಡುವುದು. ಒಸಡಿನಲ್ಲಿ ಕೀವು ಮಾಡುವ ಕ್ರಿಮಿ ಅಂಟದಿರಲೆಂದು ನಾನು ಅವಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳ ಲೇಪ ಹಚ್ಚುತ್ತಿದ್ದೆ. ಲೇಪ ಕುಲುಮೆಯಲ್ಲಿ ಕಾದು ಗಟ್ಟಿಯಾಗುವವರೆಗೆ ಬೆರಳು ತಾಗುವಂತಿಲ್ಲ. ನಾನು ಮೂಗು ಒರೆಸಿಕೊಂಡರೂ ಕೈಗವಸು ಬದಲಿಸು ಎಂದು ಗದರುತ್ತಿದ್ದರು. ಡಾಕ್ಟರೇಟು ನನ್ನದು, ಗತ್ತು ಅವರದು.

ಒಂದು ದಿನ ನನ್ನ ದೊಡ್ಡಪ್ಪ ಗಝ್ ಮಿಠಾಯಿಯ ಡಬ್ಬಿ ಹಿಡಿದು ಲ್ಯಾಬು ನೋಡಲು ಬಂದರು. ಬಜಾರಿನಲ್ಲಿ ನಲವತ್ತು ವರ್ಷ ಬೆಳ್ಳಿ ತಟ್ಟೆಗೆ ಚಿತ್ತಾರ ಕೊರೆದವರು. ಆಗಷ್ಟೇ ಲೇಪ ಹಚ್ಚಿದ ತಿರುಪುಗಳು ಮೇಜಿನ ಮೇಲಿದ್ದವು.

"ಇದ್ರ ಮೇಲೆ ಬೆಳ್ಳಿ ಇದೆಯೇನಮ್ಮ ನಸ್ತರನ್? ಒಂಚೂರು ಮುಟ್ಲಾ?"

"ನಿಮ್ದೇ ಅಂದ್ಕೊಳ್ಳಿ ದೊಡ್ಡಪ್ಪ," ಎಂದುಬಿಟ್ಟೆ.

ನಮ್ಮಲ್ಲಿ ಹಿರಿಯರು ಏನು ಕೇಳಿದರೂ ಬಾಯಿಗೆ ಬರುವ ಮಾತು ಅದೊಂದೇ. ಕೇಳಿದವರು ಬೇಡಮ್ಮ ಎನ್ನಬೇಕು. ಬೆಳ್ಳಿ ಎಂದ ಕೂಡಲೇ ದೊಡ್ಡಪ್ಪನಿಗೆ ಆ ಮರ್ಯಾದೆ ಮರೆತುಹೋಯಿತು. ಎರಡು ತಿರುಪುಗಳನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, ನಕ್ಕು, ಹಾಗೇ ಇಟ್ಟರು. ಆ ಎರಡನ್ನೂ ಎಸೆಯಬೇಕಿತ್ತು. ಎಸೆದರೆ ದೊಡ್ಡಪ್ಪನ ಹೆಸರು ಹೇಳಬೇಕಲ್ಲ ಎಂದು ಸುಮ್ಮನೆ ಕುಲುಮೆಗೆ ಹಾಕಿದೆ.

ಪರೀಕ್ಷೆಯಲ್ಲಿ ಆ ಎರಡರ ಮೇಲೆಯೇ ಕ್ರಿಮಿ ಬೆಳೆಯಿತು. ನಮ್ಮ ಮುಖ್ಯಸ್ಥೆ ಡಾಕ್ಟರ್ ಮೊಕಾರಿ ಇಬ್ಬರನ್ನೂ ಕರೆದು, "ಲೇಪ ಸರಿಯಿಲ್ವೋ, ತೊಳೆದಿದ್ದು ಸರಿಯಿಲ್ವೋ?" ಎಂದರು.

"ವಯಸ್ಸಾಯ್ತಲ್ಲ ಮೇಡಂ, ನಾನೇ ಸರಿಯಾಗಿ ತೊಳ್ದಿಲ್ವೇನೋ," ಎಂದರು ಕರಾಮತ್ ಆಗಾ.

ಅವರನ್ನು ಉಗ್ರಾಣಕ್ಕೆ ಹಾಕಿದರು. ಅದನ್ನೂ ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ, ನಾಚಿಕೆಗೇಡಿ.

ಉಗ್ರಾಣಕ್ಕೆ ಹೊರಡುವ ದಿನ ತಮ್ಮ ಚಿಮಟವನ್ನು ಒರೆಸಿ ನನ್ನ ಮುಂದಿಟ್ಟರು.

"ಇನ್ನೊಂದ್ಸಲ ದೊಡ್ಡಪ್ಪ ಬಂದ್ರೆ ಇದನ್ನ ಅವ್ರ ಕೈಗೆ ಕೊಡಮ್ಮ. ಬೇಡ ಅನ್ನೋ ಕಷ್ಟ ಇರಲ್ಲ."

"ನೀವು ನೋಡಿದ್ರಾ?"

"ಗಾಜಿನ ಬಾಗಿಲಲ್ವಾ? ಬಂದ ಹಿರಿಯರ ಮರ್ಯಾದೆ ತೆಗೆಯೋಕಾಗುತ್ತೇನಮ್ಮ?"

ಎದ್ದವಳೇ ಮೊಕಾರಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕರಾಮತ್ ಆಗಾರನ್ನು ಕರೆಸಿ ಕೇಳಿದರು.

"ನನ್ನ ಉಳಿಸೋಕೆ ಹೇಳ್ತಿದ್ದಾಳೆ ಮೇಡಂ. ನಂಬಬೇಡಿ," ಎಂದು ಅವರು ಉಗ್ರಾಣದ ಬೀಗದ ಕೈ ತೆಗೆದುಕೊಂಡು ಹೊರಟರು.

ಮೊಕಾರಿ ನನ್ನ ಬೆನ್ನು ತಟ್ಟಿ, "ದೊಡ್ಡ ಮನಸ್ಸಮ್ಮ ನಿಂದು," ಎಂದರು. ನಾನು ಎರಡನೇ ಸಲ ಬಾಯಿ ತೆರೆಯಲಿಲ್ಲ.