ಗೆರೆಯನ್ನೂ ನಂಬದ ಕಿಡಿಯಕ್ಕ

ಈ ಸಂಗತಿಯನ್ನು ಮೊದಲು ಹೇಳಿದವರು ದೋಣಿಕಟ್ಟೆಯಲ್ಲಿ ಪೆಟ್ರೋಲು ತುಂಬಿಸುವ ಹಿರಿಯರು; ಹೇಳಿದ್ದು ಕಳೆದ ದೋಣಿ ಪಂದ್ಯ ಮುಗಿದ ಮರುದಿನದ ಸಂಜೆ, ಮೆಟ್ಟಿಲ ಮೇಲೆ ಕುಳಿತ ಏಳೆಂಟು ಮಂದಿಗೆ. ಯಾರ ಕುರಿತು ಹೇಳಿದರೋ ಆಕೆಯೂ ಅಲ್ಲೇ ಕುಳಿತು ಉಗುರಿನ ಸಂದಿಯ ಗ್ರೀಸು ಕೆರೆಯುತ್ತಿದ್ದುದರಿಂದ ಮಾತಿಗೆ ಉಪ್ಪುಖಾರ ಹೆಚ್ಚಲಿಲ್ಲ.

ಪಂದ್ಯದ ದಿನ, ಬೆಳಕು ಹರಿಯುವ ಹೊತ್ತು. ಎಲ್ಲರೂ ಕಿಡಿಯಕ್ಕ ಎಂದೇ ಕರೆಯುವ ಮೆಕ್ಯಾನಿಕ್ ಶೆಡ್ಡಿನೊಳಗೆ ಪಂದ್ಯದ ದೋಣಿಯ ಇಂಜಿನ್ನಿಗೆ ಬಾಗಿ, ತಿರುಗುವ ಚಕ್ರದ ಮೇಲಿನ ಬಿಳಿ ಗೆರೆಗೆ ಮಿನುಗುವ ಟೈಮಿಂಗ್ ಲೈಟು ಹಿಡಿದಿದ್ದಾಳೆ. ಇಂಜಿನ್ನೊಳಗೆ ಪೆಟ್ರೋಲು ಹೊತ್ತಿಸುವ ಕಿಡಿ ಯಾವ ಗಳಿಗೆಗೆ ಹಾರುತ್ತಿದೆಯೆಂದು ಆ ಗೆರೆ ಹೇಳಬೇಕು. ತುಸು ಬೇಗ ಹಾರಿದರೆ ಓಟ ಹೆಚ್ಚು. ತೀರ ಬೇಗ ಹಾರಿದರೆ ಪಿಸ್ಟನ್ನೇ ತೂತು. ನಿನ್ನೆ ಆಕೆ ಇಟ್ಟ ಜಾಗದಲ್ಲಿ ಗೆರೆ ಇಲ್ಲ. ಕಿಡಿ ಮೂರು ಡಿಗ್ರಿ ಮುಂದಕ್ಕೆ ಹೋದಂತೆ ತೋರುತ್ತಿದೆ.

ದೋಣಿ ಓಡಿಸುವವನು ಆಕೆಯ ಒಡಹುಟ್ಟಿದ ತಮ್ಮ. ವಾರದಿಂದ ಅವನದು ಒಂದೇ ರಾಗ: "ಇನ್ನೊಂಚೂರು ಮುಂದಕ್ಕೆ ಕೊಡಕ್ಕ."

"ರಾತ್ರಿ ಶೆಡ್ಡಿಗೆ ಬಂದಿದ್ಯಾ?" ಎನ್ನುತ್ತಾಳೆ ಕಿಡಿಯಕ್ಕ.

"ಇಲ್ಲ ಕಣಕ್ಕ."

"ಮತ್ತೆ ಇದು ತಾನಾಗೇ ನಡ್ಕೊಂಡು ಹೋಯ್ತಾ?"

"ನಿಂಗೆ ನಿನ್ನ ನೆರಳಿನ ಮೇಲೂ ಅನುಮಾನ. ನಂಬಿಕೆ ಇಲ್ದೋರ ದೋಣಿ ನಾನು ಓಡ್ಸಲ್ಲ." ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಕುಕ್ಕಿ ಅವನು ಹೊರಟೇಬಿಡುತ್ತಾನೆ.

ಅನುಮಾನ ಆಕೆಯ ಕಸುಬಿನದೇ ಒಂದು ಪಾಲು. ಅಪ್ಪ ತೀರಿಕೊಂಡ ಮೇಲೆ, "ಹೆಂಗಸಿನ ಕೈಗೆ ಇಂಜಿನ್ನೇ?" ಎಂದು ಮೂಗು ಮುರಿದವರ ನಡುವೆ ಶೆಡ್ಡು ಉಳಿಸಿಕೊಂಡವಳು. ಕಿಡಿ ಹಾರಿಸುವ ಇಗ್ನಿಷನ್ ಮಾಡ್ಯೂಲನ್ನು ಮೇಲಿನ ಬರಹ ನೋಡಿ ಎಂದೂ ಆರಿಸುವುದಿಲ್ಲ; ಇಂಜಿನ್ನಿಗೆ ಹಾಕಿ, ಕೈ ಇಡಲಾಗದಷ್ಟು ಕಾಯಿಸಿ ನೋಡುತ್ತಾಳೆ. "ತಣ್ಣಗಿದ್ದಾಗ ಎಲ್ಲಾ ಡಬ್ಬೀನೂ ಸಾಧುನೇ. ಬಿಸಿ ತಟ್ಟಿದ್ಮೇಲೆ ಬಣ್ಣ ಬಯಲಾಗೋದು. ನಡುನೀರಲ್ಲಿ ಕೈಕೊಟ್ರೆ ತಳ್ಳೋಕೆ ಯಾರಿರ್ತಾರೆ?"

ಹಾಗಾಗಿ ತಮ್ಮ ಹೋದ ಮೇಲೂ ಅನುಮಾನ ನಿಲ್ಲುವುದಿಲ್ಲ. ಕಿಡಿಯ ಗಳಿಗೆ ಬದಲಿಸಲು ಸಡಿಲಿಸಬೇಕಾದ ಬೋಲ್ಟಿಗೆ ಆಕೆ ಹಚ್ಚಿಟ್ಟ ಉಗುರುಬಣ್ಣ ಬಿರುಕು ಬಿಟ್ಟಿಲ್ಲ; ಯಾರೂ ಅದನ್ನು ಮುಟ್ಟಿಲ್ಲ. ಹಾಗಾದರೆ ಈ ಪಂದ್ಯಕ್ಕೆಂದು ಹಾಕಿದ ಹೊಸ ಮಾಡ್ಯೂಲಿನ ಕಿತಾಪತಿಯೇ? ಹಳೆಯದನ್ನು ಹಾಕುತ್ತಾಳೆ; ಗೆರೆ ಅಲ್ಲೇ. ಉಳಿದದ್ದು ಗೆರೆಯೊಂದೇ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಪಿಸ್ಟನ್ನಿಗೆ ತಡೆ ಕೊಟ್ಟು, ಚಕ್ರವನ್ನು ಕೈಯಿಂದ ಎರಡೂ ಕಡೆಗೆ ತಿರುಗಿಸಿ, ತಡೆದು ನಿಂತ ಎರಡು ಜಾಗಗಳ ನಟ್ಟನಡುವನ್ನು ಗುರುತಿಸುತ್ತಾಳೆ. ಪಿಸ್ಟನ್ ತುತ್ತತುದಿಗೇರುವ ನಿಜವಾದ ಜಾಗ ಅದು. ಬಿಳಿ ಗೆರೆ ಅದಕ್ಕಿಂತ ಅಕ್ಕಿಕಾಳಿನಷ್ಟು ಆಚೆ ಇದೆ. ಚಕ್ರದ ನಡುಭಾಗಕ್ಕೆ ಹೊರಬಳೆಯನ್ನು ಹಿಡಿದಿಡುವ ರಬ್ಬರು ಸವೆದು, ಗೆರೆ ಹೊತ್ತ ಆ ಬಳೆಯೇ ಜಾರಿದೆ!

ಗೆರೆಯನ್ನು ನಂಬಿ ಕಿಡಿಯ ಗಳಿಗೆ ತಿದ್ದಿದ್ದರೆ ಸರಿಯಿದ್ದುದೇ ಕೆಡುತ್ತಿತ್ತು. ಓಟದ ನಡುವೆ ಬಳೆ ಕಳಚಿ ಹಾರಿದ್ದರೆ ತಮ್ಮನ ಗತಿ ಏನಾಗುತ್ತಿತ್ತೋ. ಆ ದಿನ ದೋಣಿ ನೀರಿಗಿಳಿಯುವುದಿಲ್ಲ.

ಹಿರಿಯರು ಇಷ್ಟು ಹೇಳಿ ನಿಲ್ಲಿಸಿದಾಗ ಯಾರೋ ಕೇಳಿದರು: "ತಮ್ಮನ ಹತ್ರ ತಪ್ಪಾಯ್ತು ಅಂದ್ಯಾ, ಅಕ್ಕ?"

"ಬಾಯಿಗೆ ಬರ್ಲಿಲ್ಲ. ಹೊಸ ಚಕ್ರ ತರ್ಸೋಕೆ ಹೇಳಿದೀನಿ. ಮುಂದಿನ ಸಲ ಅವ್ನೇ ಓಡ್ಸಿದ್ರೆ ಸಾಕು ನಂಗೆ. ಬೇರೆಯವ್ರು ಕೂತ್ರೆ ಆ ಇಂಜಿನ್ ಸದ್ದು ಕೇಳೋಕೂ ಮನಸ್ಸಾಗಲ್ಲ."

ಕೆಳಗಿನ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ತಮ್ಮ ಎದ್ದು ಪ್ಯಾಂಟು ಕೊಡವಿದ. "ಸೀಟು ಸ್ವಲ್ಪ ಹಿಂದಕ್ಕೆ ಸರ್ಸು. ಮಂಡಿ ತಾಗುತ್ತೆ."

"ಎಷ್ಟು?"

"ನೀನೇ ಬಂದು ಅಳ್ಕೋ. ನಾನು ಹೇಳಿದ್ರೆ ನಂಬ್ತೀಯಾ?"

ಮೆಟ್ಟಿಲ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕು, ಚಪ್ಪಲಿ ಮೆಟ್ಟಿ, ಮನೆಯ ದಾರಿ ಹಿಡಿದರು.